ಮೊದಲ ಹಿಮಕ್ಕೆ ಗೂಡು ಬಿಡದ ಕೋಳಿಗಳು: ಒಂದು ಪ್ರತಿಕ್ರಿಯೆ

ಅಮೆರಿಕದ ಮಿನ್ನೆಸೋಟದಲ್ಲಿ ಮೊದಲ ಹಿಮ ಬಿದ್ದಾಗಿನಿಂದ ನಿಮ್ಮ ಹಿತ್ತಲ ಕೋಳಿಗಳು ಗೂಡಿನಿಂದ ಇಳಿಯುತ್ತಿಲ್ಲ, ಮೊಟ್ಟೆಯೂ ಕಡಿಮೆಯಾಗಿದೆ, ಬಿಸಿ ದೀಪ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಆ ದೀಪ ಒಣಹುಲ್ಲಿನ ಮೇಲೆ ಬಿದ್ದು ಎಷ್ಟೋ ಗೂಡುಗಳು ಸುಟ್ಟುಹೋಗಿವೆ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಗರಿ ಉಬ್ಬಿಸಿ ಒತ್ತೊತ್ತಾಗಿ ಕುಳಿತರೆ ಆರೋಗ್ಯವಂತ, ಬಲಿತ ಕೋಳಿಗಳು ಚಳಿಯನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತವೆ.

ಅವುಗಳ ನಿಜವಾದ ಶತ್ರು ತೇವ. ಉಸಿರು ಮತ್ತು ಹಿಕ್ಕೆಯಿಂದ ಏಳುವ ಆವಿ ಒಳಗೇ ನಿಂತರೆ ಜುಟ್ಟಿನ ತುದಿ ಹಿಮಗಡಿತಕ್ಕೆ, ಅಂದರೆ ಚಳಿಗೆ ಚರ್ಮ ಹೆಪ್ಪುಗಟ್ಟುವ ತೊಂದರೆಗೆ, ಸಿಕ್ಕಿ ಕಪ್ಪಾಗುತ್ತದೆ. ದೊಡ್ಡ ಜುಟ್ಟಿನ ಲೆಗ್‌ಹಾರ್ನ್ ತಳಿಯ ಹುಂಜಗಳಿಗಂತೂ ಈ ಕಾಟ ಹೆಚ್ಚು. ಆದ್ದರಿಂದ ಕೋಳಿಗಳು ಕೂರುವ ಮರದ ಪಟ್ಟಿಗಿಂತ ಎತ್ತರದಲ್ಲಿ, ಸೂರಿನ ಬಳಿ ಗಾಳಿಕಿಂಡಿ ತೆರೆದಿಡಿ. ಪಟ್ಟಿ ಅಗಲವಾಗಿದ್ದರೆ ಕಾಲ್ಬೆರಳುಗಳು ಹೊಟ್ಟೆಯ ಗರಿಗಳಡಿ ಬೆಚ್ಚಗಿರುತ್ತವೆ.

ಪಾಪ, ಹೊರಗೆ ಬರಲು ಬಲವಂತ ಮಾಡಬೇಡಿ. ಹಿಮವನ್ನು ಗೋರಿ ತೆಗೆದು, ಒಣಹುಲ್ಲು ಹರಡಿ, ಒಂದು ಹಿಡಿ ಮೆಕ್ಕೆಜೋಳ ಚೆಲ್ಲಿ. ಧೈರ್ಯದ ಹೇಂಟೆಯೊಂದು ಇಳಿದರೆ ಉಳಿದವೂ ಹಿಂಬಾಲಿಸುತ್ತವೆ. ಕುಡಿಯುವ ನೀರು ಹೆಪ್ಪುಗಟ್ಟದಂತೆ ಮಾತ್ರ ದಿನವೂ ನೋಡಿಕೊಳ್ಳಿ. ಮೊಟ್ಟೆ ಕಡಿಮೆಯಾಗಿರುವುದು ಚಳಿಗಿಂತ ಹೆಚ್ಚಾಗಿ ಹಗಲು ಕುಗ್ಗಿರುವುದರಿಂದ. ಹಗಲು ಬೆಳೆಯುತ್ತಿದ್ದಂತೆ ಮತ್ತೆ ಇಡತೊಡಗುತ್ತವೆ.