ಕಿಯಾಂಟಿಯ ದ್ರಾಕ್ಷಿತೋಟದಲ್ಲಿ ಅಡಿಕೆ ಬೆಳೆಗಾರರಿಗೇನು ಕೆಲಸ?

ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ ಕುಟುಂಬದ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ಮಗ ಸೆಪ್ಟೆಂಬರ್ ಕೊನೆಯಲ್ಲಿ ತಂದೆ ತಾಯಿಯನ್ನು ಇಟಲಿಗೆ ಕರೆದುಕೊಂಡು ಹೋಗುವವನಿದ್ದಾನೆ. ಫ್ಲಾರೆನ್ಸ್ ನಗರದ ದಕ್ಷಿಣಕ್ಕಿರುವ ಕಿಯಾಂಟಿ ಗುಡ್ಡಗಳಲ್ಲಿ ಮಾರ್ಗದರ್ಶಿಯ ಜೊತೆ ಹತ್ತು ಕಿಲೋಮೀಟರ್ ನಡಿಗೆ, ದಾರಿಯಲ್ಲಿ ಎರಡು ಸಾವಯವ ವೈನರಿಗಳಲ್ಲಿ ರುಚಿ ನೋಡುವುದು, ನಡುವೆ ತೋಟದಲ್ಲೇ ಮಧ್ಯಾಹ್ನದ ಊಟ, ಇಷ್ಟು ಸೇರಿದ ಒಂದು ದಿನದ ಕಾರ್ಯಕ್ರಮಕ್ಕೆ ಹಣ ಕಟ್ಟುವ ಮೊದಲು ಅವನು ಇವರ ಒಪ್ಪಿಗೆ ಕೇಳಿದ್ದಾನೆ. “ನಾವಿಬ್ಬರೂ ಮದ್ಯ ಮುಟ್ಟಿದವರಲ್ಲ, ಮೊಟ್ಟೆಯನ್ನೂ ತಿನ್ನುವವರಲ್ಲ. ಅಲ್ಲಿ ನಮಗೇನು ಕೆಲಸ? ಇಂಥ ಪ್ರವಾಸವನ್ನು ಹೊಗಳಿ ಕಳೆದ ತಿಂಗಳು ನೀವು ಲೇಖನ ಪ್ರಕಟಿಸಿದ್ದು ಸರಿಯೇ? ಸಾವಯವ ವೈನ್ ಎಂಬುದು ಬರೀ ವ್ಯಾಪಾರದ ಮಾತಲ್ಲವೇ? ಅಲ್ಲಿಯವರೂ ಬೆಳೆಯ ರೋಗಕ್ಕೆ ಬೋರ್ಡೋ (ತುತ್ತ-ಸುಣ್ಣದ ದ್ರಾವಣ) ಹೊಡೆಯುತ್ತಾರಂತೆ. ಹಾಗಾದರೆ ನಾವೂ ಸಾವಯವ ಕೃಷಿಕರೇ ಎಂದು ನಮ್ಮ ಯಜಮಾನರು ಕೇಳುತ್ತಿದ್ದಾರೆ.”

ಮಾನ್ಯರೇ,

ತಮ್ಮ ಯಜಮಾನರ ಪ್ರಶ್ನೆಯನ್ನು ಓದಿದ ಮೇಲೆ, ತಾವಿಬ್ಬರೂ ಆ ನಡಿಗೆಗೆ ಹೋಗಲೇಬೇಕೆಂದು ನನಗೆ ಅನ್ನಿಸಿದೆ. ಅಂಥ ಕಾರ್ಯಕ್ರಮಗಳಿಗೆ ಬರುವ ಹೆಚ್ಚಿನವರು ಕೇಳದ ಪ್ರಶ್ನೆ ಅದು. ಕೇಳಲು ಬೇಕಾದ ತಿಳಿವಳಿಕೆ ತೋಟ ಮಾಡಿದವರಿಗೆ ಮಾತ್ರ ಇರುತ್ತದೆ.

ಮದ್ಯದ ವಿಷಯವನ್ನು ಮೊದಲು ಹೇಳಿ ಮುಗಿಸುತ್ತೇನೆ. ವೈನ್ ಆರೋಗ್ಯಕ್ಕೆ ಒಳ್ಳೆಯದೆಂದು ನಮ್ಮ ಲೇಖನ ಹೇಳಿಲ್ಲ, ಹೇಳಲು ನಾನು ಬಿಡುವುದೂ ಇಲ್ಲ. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ತಿಳಿಸಿದೆ. ದ್ರಾಕ್ಷಿಯನ್ನು ಸಾವಯವವಾಗಿ ಬೆಳೆದ ಮಾತ್ರಕ್ಕೆ ವೈನಿನಲ್ಲಿರುವ ಆಲ್ಕೋಹಾಲ್ ಬೇರೆಯಾಗುವುದಿಲ್ಲ. ಆದ್ದರಿಂದ “ಸಾವಯವ, ಕುಡಿದರೆ ತೊಂದರೆಯಿಲ್ಲ” ಎಂದು ಯಾರಾದರೂ ಹೇಳಿದರೆ ತಾವು ನಂಬಬೇಕಾಗಿಲ್ಲ. ಆದರೂ ಆ ಲೇಖನವನ್ನು ಪ್ರಕಟಿಸಿದ್ದು ಸರಿಯೆಂದೇ ನನ್ನ ನಿಲುವು. ಏಕೆಂದರೆ ಅದು ಒಂದು ಬೆಳೆಯ, ಒಂದು ನೆಲದ, ಅಲ್ಲಿಯ ರೈತರ ವಿಷಯವಾಗಿತ್ತು.

ಕಿಯಾಂಟಿ ಎಂದರೆ ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಿನ ಗುಡ್ಡಗಾಡು. ಇಲ್ಲಿಯ ವೈನ್ ಎಲ್ಲೆಲ್ಲಿ ಬೆಳೆದದ್ದಾಗಿರಬೇಕು ಎಂದು ಟಸ್ಕನಿಯ ದೊರೆ ಮೂರನೆಯ ಕೋಸಿಮೊ ಮೆದಿಚಿ 1716ರಲ್ಲೇ ಆಜ್ಞೆ ಹೊರಡಿಸಿ ಗಡಿ ಗುರುತಿಸಿದ್ದ. ಮೈಸೂರು ಮಲ್ಲಿಗೆಗೂ ನಂಜನಗೂಡಿನ ರಸಬಾಳೆಗೂ ಭೌಗೋಳಿಕ ಗುರುತು ಸಿಗುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲಿನ ಮಾತು ಇದು. ಚಿತ್ರಗಳಲ್ಲಿ ಬರೀ ದ್ರಾಕ್ಷಿಯ ಸಾಲುಗಳೇ ಕಾಣುತ್ತವಾದರೂ ಕಿಯಾಂಟಿ ಕ್ಲಾಸಿಕೊ ಎಂಬ ಮೂಲ ಪ್ರದೇಶದ ಸುಮಾರು ಮೂರನೇ ಎರಡು ಭಾಗ ಇಂದಿಗೂ ಕಾಡು: ಓಕ್, ಚೆಸ್ಟ್‌ನಟ್ ಮರಗಳು, ಕಾಡುಹಂದಿ, ಜಿಂಕೆ. ದ್ರಾಕ್ಷಿ ಮಾಗುವ ಹೊತ್ತಿಗೆ ಹಂದಿಯ ಹಿಂಡು ತೋಟಕ್ಕೆ ನುಗ್ಗುತ್ತದೆ, ಅದನ್ನು ತಡೆಯಲು ವಿದ್ಯುತ್ ಬೇಲಿ ಹಾಕುತ್ತಾರೆ. ಕಾರಿನಲ್ಲಿ ಹೋಗಿ ವೈನರಿಯ ಬಾಗಿಲಲ್ಲಿ ಇಳಿದವರಿಗೆ ಈ ಕಾಡೂ ಬೇಲಿಯೂ ಕಾಣುವುದಿಲ್ಲ. ಬಿಳಿ ಜಲ್ಲಿಯ ಹಳ್ಳಿದಾರಿಯಲ್ಲಿ ನಡೆದುಹೋದವರಿಗೆ ಕಾಡು ಮುಗಿದು ತೋಟ ಎಲ್ಲಿ ಆರಂಭವಾಗುತ್ತದೆ, ಯಾವ ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿದೆ, ಯಾವ ಸಾಲಿನ ಕೆಳಗೆ ಮಣ್ಣು ಕೊಚ್ಚಿಹೋಗಿದೆ ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ಕಾಲಡಿಯಲ್ಲಿ ಹಾಳೆಹಾಳೆಯಾಗಿ ಒಡೆಯುವ ಕಲ್ಲುಮಣ್ಣನ್ನು ಅಲ್ಲಿಯವರು ಗಲೆಸ್ಟ್ರೊ ಎನ್ನುತ್ತಾರೆ, ಗಟ್ಟಿಯಾದ ಸುಣ್ಣಕಲ್ಲನ್ನು ಅಲ್ಬೆರೆಜೆ ಎನ್ನುತ್ತಾರೆ. ಸಾಂಜೊವೆಜೆ ಎಂಬ ಅಲ್ಲಿಯ ಮುಖ್ಯ ದ್ರಾಕ್ಷಿತಳಿ ಇಂಥ ನೀರು ನಿಲ್ಲದ, ಬಡ ಮಣ್ಣಿನಲ್ಲೇ ಒಳ್ಳೆಯ ಫಸಲು ಕೊಡುತ್ತದೆ.

ದಾರಿಯುದ್ದಕ್ಕೂ ತಮಗೆ ಕಲ್ಲಿನ ಹಳೆಯ ತೋಟದ ಮನೆಗಳು ಕಾಣುತ್ತವೆ. ಅವು ಬಹುಪಾಲು ಒಕ್ಕಲುಗಳಿದ್ದ ಮನೆಗಳು. ಮೆಜ್ಜದ್ರಿಯಾ ಎಂಬ ಪದ್ಧತಿಯಲ್ಲಿ ಶತಮಾನಗಳ ಕಾಲ ಅಲ್ಲಿಯ ರೈತರು ಒಡೆಯನ ಭೂಮಿಯನ್ನು ಕೋರಿಗೆ ಮಾಡಿ, ಬೆಳೆದುದರಲ್ಲಿ ಅರ್ಧವನ್ನು ಅವನಿಗೆ ಅಳೆದುಕೊಡುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಅವರು ಸಾಲುಸಾಲಾಗಿ ಕಾರ್ಖಾನೆಗಳ ಕಡೆಗೆ ಹೊರಟುಹೋದರು. 1964ರಲ್ಲಿ ಇಟಲಿ ಸರ್ಕಾರ ಹೊಸದಾಗಿ ಇಂಥ ಕರಾರು ಮಾಡಿಕೊಳ್ಳುವುದನ್ನೇ ಕಾನೂನಿನಿಂದ ನಿಲ್ಲಿಸಿತು. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕಿನವರಾದ ತಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ 1974ರ ಭೂಸುಧಾರಣೆ ಕಾನೂನಿನಿಂದ ಅನೇಕ ಗೇಣಿದಾರರು ಉಳಿದು ಒಡೆಯರಾದರು, ಅಲ್ಲಿ ಒಕ್ಕಲುಗಳು ಊರನ್ನೇ ಬಿಟ್ಟರು. ಖಾಲಿಯಾದ ಮನೆಗಳನ್ನು ಮಿಲಾನಿನವರು, ಜರ್ಮನರು, ಇಂಗ್ಲಿಷರು ಕೊಂಡರು. ದ್ರಾಕ್ಷಿ, ಆಲಿವ್, ಗೋಧಿ ಒಂದೇ ಹೊಲದಲ್ಲಿ ಬೆರೆತು ಬೆಳೆಯುತ್ತಿದ್ದ ಪದ್ಧತಿ ಹೋಗಿ, 1960 ಮತ್ತು 70ರ ದಶಕಗಳಲ್ಲಿ ಟ್ರ್ಯಾಕ್ಟರ್ ಓಡಲು ಅನುಕೂಲವಾಗುವಂತೆ ಇಳಿಜಾರಿನ ಮೇಲಿಂದ ಕೆಳಕ್ಕೆ ಬರೀ ದ್ರಾಕ್ಷಿಯ ಸಾಲುಗಳು ಬಂದವು, ಕಳೆನಾಶಕ ಮತ್ತು ರಾಸಾಯನಿಕ ಗೊಬ್ಬರ ಬಂದವು, ಮಳೆಗೆ ಮಣ್ಣು ಹರಿದುಹೋಯಿತು. ಕಿಯಾಂಟಿಯ ಸಾವಯವ ಪ್ರಯತ್ನವನ್ನು ಆ ನಷ್ಟದ ಹಿನ್ನೆಲೆಯಲ್ಲಿಯೇ ನೋಡಬೇಕು.

ಈಗ ಬೋರ್ಡೋ ವಿಷಯ. ತಮ್ಮ ಯಜಮಾನರು ಕೇಳಿದ್ದು ನಿಜ: ಸಾವಯವ ದ್ರಾಕ್ಷಿ ಬೆಳೆಗಾರರೂ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನೋ, ತಾಮ್ರದ ಬೇರೊಂದು ಸಂಯುಕ್ತವನ್ನೋ ಸಿಂಪಡಿಸುತ್ತಾರೆ. ಆ ಔಷಧಿ ಹುಟ್ಟಿದ್ದೇ ದ್ರಾಕ್ಷಿಗಾಗಿ. 1870ರ ದಶಕದ ಕೊನೆಯಲ್ಲಿ ಅಮೆರಿಕದಿಂದ ಬಂದ ಬೂಜುರೋಗವೊಂದು ಫ್ರಾನ್ಸಿನ ತೋಟಗಳನ್ನು ಒಣಗಿಸತೊಡಗಿದಾಗ, ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ತುತ್ತ-ಸುಣ್ಣ ಬಳಿದಿದ್ದರು. ಆ ಬಳ್ಳಿಗಳು ಮಾತ್ರ ಹಸಿರಾಗಿ ಉಳಿದದ್ದನ್ನು ಸಸ್ಯವಿಜ್ಞಾನಿ ಮಿಲಾರ್ದೆ ಗಮನಿಸಿ, ಪ್ರಯೋಗಗಳನ್ನು ಮಾಡಿ, 1885ರಲ್ಲಿ ಪ್ರಕಟಿಸಿದರು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅದೇ ದ್ರಾವಣವನ್ನು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬಳಸಿ ತೋರಿಸಿದರು. ದ್ರಾಕ್ಷಿಯ ಬೂಜುರೋಗದ ರೋಗಾಣುವೂ ಕೊಳೆರೋಗದ ರೋಗಾಣುವೂ ಒಂದೇ ದೊಡ್ಡ ಗುಂಪಿಗೆ ಸೇರಿದವು. ಎರಡೂ ಎಲೆ ಕಾಯಿಗಳ ಮೇಲೆ ನಿಂತ ನೀರಿನಲ್ಲಿ ಈಜಿ ಹರಡುತ್ತವೆ, ಹಾಗಾಗಿ ಎರಡಕ್ಕೂ ಒಂದೇ ಔಷಧಿ ನಾಟಿತು. ತಮ್ಮ ತೋಟದಲ್ಲಿ ಮಳೆಗಾಲಕ್ಕೆ ಮೊದಲು ಮರ ಹತ್ತಿ ಹೊಡೆಯುವ ಔಷಧಿಯ ತವರು ದ್ರಾಕ್ಷಿತೋಟವೇ ಎಂದಮೇಲೆ, ಅಲ್ಲಿ ತಮಗೇನು ಕೆಲಸ ಎಂದು ಕೇಳುವಂತಿಲ್ಲ.

ಆದರೆ ತಾಮ್ರ ಭಾರಲೋಹ. ಮಣ್ಣಿಗೆ ಬಿದ್ದದ್ದು ಕರಗಿ ಹೋಗುವುದಿಲ್ಲ. ವರ್ಷದಿಂದ ವರ್ಷಕ್ಕೆ ಸೇರುತ್ತಾ ಎರೆಹುಳುಗಳಿಗೂ ಸೂಕ್ಷ್ಮಜೀವಿಗಳಿಗೂ ಕೇಡು ಮಾಡುತ್ತದೆ. ಅದಕ್ಕಾಗಿಯೇ ಯುರೋಪಿಯನ್ ಒಕ್ಕೂಟ ಒಂದು ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರದ ಮಿತಿ ಹಾಕಿದೆ, ಅಂದರೆ ವರ್ಷಕ್ಕೆ ಸರಾಸರಿ 4 ಕಿಲೋ. ಮೈಲುತುತ್ತದಲ್ಲಿ ಸುಮಾರು ಕಾಲುಭಾಗ ಮಾತ್ರ ತಾಮ್ರವಿರುವುದರಿಂದ ನಮ್ಮ ಲೆಕ್ಕಕ್ಕೆ ಅದು ಎಕರೆಗೆ ವರ್ಷಕ್ಕೆ ಸುಮಾರು ಆರೂವರೆ ಕಿಲೋ ತುತ್ತವಾಗುತ್ತದೆ. ತಮ್ಮ ಯಜಮಾನರು ಒಂದು ವರ್ಷಕ್ಕೆ ತರಿಸುವ ತುತ್ತವನ್ನು ಎಕರೆಯಿಂದ ಭಾಗಿಸಿ ನೋಡಲಿ. ಮಳೆ ಹೆಚ್ಚಾದ ವರ್ಷ ಈ ಮಿತಿಯೊಳಗೆ ಬೆಳೆ ಉಳಿಸಿಕೊಳ್ಳುವುದು ಬಹಳ ಕಷ್ಟ. 2023ರ ವಸಂತದಲ್ಲಿ ಇಟಲಿಯ ಮಧ್ಯ ಮತ್ತು ದಕ್ಷಿಣ ಭಾಗಗಳಲ್ಲಿ ಮಳೆ ಬಿಡದೆ ಸುರಿದು ಬೂಜುರೋಗ ಹಬ್ಬಿದಾಗ, ಗಿಡದೊಳಗೆ ಸೇರಿ ಕೆಲಸ ಮಾಡುವ ರಾಸಾಯನಿಕ ಔಷಧಿಗಳನ್ನು ಬಳಸಲಾಗದ ಸಾವಯವ ಬೆಳೆಗಾರರೇ ಹೆಚ್ಚು ನಷ್ಟ ಅನುಭವಿಸಿದರು. ಕೊಳೆರೋಗಕ್ಕೆ ಅರ್ಧ ಫಸಲು ಕಳೆದುಕೊಂಡ ವರ್ಷಗಳನ್ನು ಕಂಡ ಮನೆಯವರಿಗೆ ಆ ರೈತರ ಮಾತು ಬೇಗ ಅರ್ಥವಾಗುತ್ತದೆ.

ಹಾಗಾದರೆ ತಾವೂ ಸಾವಯವ ಕೃಷಿಕರೇ? ಬೋರ್ಡೋ ಒಂದನ್ನೇ ನೋಡಿ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳಲಾಗದು. ನಮ್ಮ ದೇಶದ ಸಾವಯವ ನಿಯಮಗಳೂ ತಾಮ್ರವನ್ನು ನಿರ್ಬಂಧದೊಡನೆ ಒಪ್ಪುತ್ತವೆ. ಉಳಿದದ್ದನ್ನು ನೋಡಬೇಕು. ಯುರೋಪಿನಲ್ಲಿ ದ್ರಾಕ್ಷಿತೋಟ ಮೂರು ವರ್ಷ ಪರಿವರ್ತನೆಯ ಅವಧಿಯನ್ನು ದಾಟಿದ ಮೇಲೆಯೇ ಅದಕ್ಕೆ ಪ್ರಮಾಣಪತ್ರ. ಯೂರಿಯಾ ಇಲ್ಲ, ಕಳೆನಾಶಕ ಇಲ್ಲ. ಸಾಲುಗಳ ನಡುವೆ ಅವರೆಯ ಜಾತಿಯ ಕಾಳು, ಬಾರ್ಲಿ, ಸಾಸಿವೆ, ಕ್ಲೋವರ್ ಬಿತ್ತಿ, ಹೂ ಬಿಡುವ ಹೊತ್ತಿಗೆ ಕತ್ತರಿಸಿ ಹಸಿರು ಗೊಬ್ಬರ ಮಾಡುತ್ತಾರೆ. ನಿಯಮ ವೈನರಿಯ ಒಳಗೂ ಬರುತ್ತದೆ. 2012ಕ್ಕೆ ಮೊದಲು ಯುರೋಪಿನಲ್ಲಿ “ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್” ಎಂದಷ್ಟೇ ಬರೆಯಬಹುದಿತ್ತು; ಆ ವರ್ಷದ ನಿಯಮದ ನಂತರ, ಮಾಡುವ ವಿಧಾನವೂ ಕಟ್ಟುಪಾಡಿಗೆ ಒಳಪಟ್ಟು “ಸಾವಯವ ವೈನ್” ಎನ್ನಲು ಅವಕಾಶವಾಯಿತು. ಕೆಡದಂತೆ ಸೇರಿಸುವ ಸಲ್ಫೈಟ್ ಸಿಹಿಯಿಲ್ಲದ ಕೆಂಪು ವೈನಿನಲ್ಲಿ ಸಾಮಾನ್ಯವಾಗಿ ಲೀಟರಿಗೆ 150 ಮಿಲಿಗ್ರಾಂವರೆಗೆ ಇರಬಹುದಾದರೆ, ಸಾವಯವದಲ್ಲಿ 100ರ ಮಿತಿ. ಆದ್ದರಿಂದ ಇದು ಬರೀ ವ್ಯಾಪಾರದ ಮಾತಲ್ಲ. ಕಿಯಾಂಟಿ ಕ್ಲಾಸಿಕೊ ಪ್ರದೇಶದಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ದ್ರಾಕ್ಷಿತೋಟ ಸಾವಯವ. ಗ್ರೇವೆ ಪಟ್ಟಣದ ಬಳಿಯ ಪಂಜಾನೊ ಎಂಬ ಹಳ್ಳಿಯಲ್ಲಿ 1995ರಲ್ಲಿ ಸಂಘ ಕಟ್ಟಿಕೊಂಡ ಬೆಳೆಗಾರರು ರುಜ್ಜೆರೊ ಮಜ್ಜಿಲ್ಲಿ ಎಂಬ ಕೃಷಿತಜ್ಞರ ಮಾರ್ಗದರ್ಶನದಲ್ಲಿ ಹಳ್ಳಿಯ ಬಹುಪಾಲು ತೋಟಗಳನ್ನು ಸಾವಯವಕ್ಕೆ ತಂದರು. ಒಬ್ಬನೇ ಸಾವಯವ ಮಾಡಿದರೆ ಪಕ್ಕದ ತೋಟದ ಔಷಧಿ ಗಾಳಿಯಲ್ಲಿ ಬರುತ್ತದೆ. ಊರೆಲ್ಲ ಸೇರಿದ್ದು ಅವರ ದೊಡ್ಡ ಶಕ್ತಿ. ನಡಿಗೆಗೆ ಜಾಗ ಆರಿಸುವ ಅವಕಾಶ ಮಗನಿಗಿದ್ದರೆ ಪಂಜಾನೊವನ್ನೇ ಆರಿಸಲಿ. ಅಲ್ಲಿಯ ಸಾನ್ ಲಿಯೊಲಿನೊ ಎಂಬ ಹಳೆಯ ಚರ್ಚೂ ಹಳ್ಳಿಗೆ ಹತ್ತಿರದಲ್ಲೇ ಇದೆ.

ಸಾವಯವ ಮುದ್ರೆ ಹೇಳದ ವಿಷಯವೂ ಒಂದಿದೆ, ಅದು ಕೂಲಿಯವರದು. ಇಟಲಿಯ ಹೊಲತೋಟಗಳಲ್ಲಿ ಪಂಜಾಬಿನಿಂದ ಹೋದವರೂ ಸೇರಿದಂತೆ ಬಹಳಷ್ಟು ವಲಸಿಗರು ದುಡಿಯುತ್ತಾರೆ. ಮೇಸ್ತ್ರಿಗಳ ಮೂಲಕ ಅವರನ್ನು ಶೋಷಿಸುವುದನ್ನು ತಡೆಯಲು 2016ರಲ್ಲಿ ಕಠಿಣ ಕಾನೂನನ್ನೇ ತರಬೇಕಾಯಿತು. ತಾವು ಹೋಗುವ ಸೆಪ್ಟೆಂಬರ್ ಕೊನೆ ಸಾಂಜೊವೆಜೆಯ ಕೊಯ್ಲಿನ ಕಾಲ. ದ್ರಾಕ್ಷಿ ಕೊಯ್ಯುತ್ತಿರುವವರು ಯಾರು, ಎಲ್ಲಿಂದ ಬಂದವರು, ಅವರನ್ನು ನೇರವಾಗಿ ನೇಮಿಸಿಕೊಂಡಿದ್ದಾರೆಯೇ ಎಂದು ಸೌಜನ್ಯದಿಂದ ಕೇಳಿ. ಅಡಿಕೆ ಗೊನೆಯ ಕೊಯ್ಲಿಗೆ ಆಳು ಸಿಗದ ಕಷ್ಟ ಬಲ್ಲವರು ಕೇಳಿದಾಗ ಅಲ್ಲಿಯ ಬೆಳೆಗಾರರು ಅದನ್ನು ಆಕ್ಷೇಪವೆಂದು ತಿಳಿಯಲಾರರು.

ರುಚಿ ನೋಡುವ ಹೊತ್ತಿನಲ್ಲಿ ಮುಜುಗರಪಡಬೇಕಾಗಿಲ್ಲ. ಕುಡಿಯುವುದಿಲ್ಲ ಎಂದು ಮೊದಲೇ ಹೇಳಿದರೆ ಯಾರೂ ಬಲವಂತ ಮಾಡುವುದಿಲ್ಲ. ವೃತ್ತಿಯಿಂದ ವೈನ್ ಪರೀಕ್ಷಿಸುವವರೇ ಬಾಯಲ್ಲಿ ಆಡಿಸಿ ಪೀಕದಾನಿಗೆ ಉಗುಳುತ್ತಾರೆ. ಬರೀ ಮೂಸಿ ನೋಡಿದರೂ ನಡೆಯುತ್ತದೆ, ಅದೂ ಬೇಡವೆಂದರೆ ಬ್ರೆಡ್ಡಿನ ಮೇಲೆ ಅವರದೇ ತೋಟದ ಆಲಿವ್ ಎಣ್ಣೆ ಹಾಕಿಕೊಂಡು ಅದರ ಖಾರ-ಒಗರನ್ನು ಸವಿಯಬಹುದು. ಕೊಯ್ಲಿನ ದಿನಗಳಾದ್ದರಿಂದ ಹುದುಗು ಬರುವ ಮೊದಲಿನ ತಾಜಾ ದ್ರಾಕ್ಷಿರಸ ಇದ್ದರೆ ಕೊಡಿ ಎಂದು ಕೇಳಿ ನೋಡಿ.

ಊಟದ ವಿಷಯಕ್ಕೆ ಮಾತ್ರ ಮೊದಲೇ ಎಚ್ಚರ ಬೇಕು, ಏಕೆಂದರೆ ಅಲ್ಲಿ ಸಸ್ಯಾಹಾರ ಎಂದರೆ ಮೊಟ್ಟೆ ಸೇರಿಯೇ ಇರುತ್ತದೆ. ತಾಜಾ ಪಾಸ್ತಾದಲ್ಲಿ ಹೆಚ್ಚಾಗಿ ಮೊಟ್ಟೆಯಿರುತ್ತದೆ, ಕೊನೆಯಲ್ಲಿ ಕೊಡುವ ಬಾದಾಮಿ ಬಿಸ್ಕತ್ತು ಕಾಂತುಚಿಯಲ್ಲೂ ಇರುತ್ತದೆ. ಪೀಚಿ ಎಂಬ ದಪ್ಪ ಎಳೆಯ ಪಾಸ್ತಾವನ್ನು ಹಿಟ್ಟು ಮತ್ತು ನೀರಿನಲ್ಲೇ ಮಾಡುವುದು ವಾಡಿಕೆ, ಆದರೂ ಕೇಳಿ ಖಚಿತಪಡಿಸಿಕೊಳ್ಳಬೇಕು. ಚೀಸ್ ತಾವು ಊಹಿಸಿರಲಾರದ ತೊಡಕು: ಪಾರ್ಮಿಜಾನೊ ಮಾಡಲು ಹಾಲನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದಲೇ ಒಡೆಸುತ್ತಾರೆ, ಕುರಿಹಾಲಿನ ಪೆಕೊರಿನೊದಲ್ಲೂ ಹೆಚ್ಚಾಗಿ ಪ್ರಾಣಿಜನ್ಯ ಹೆಪ್ಪೇ. ಅವನ್ನು ಬಿಟ್ಟರೂ ಟಸ್ಕನಿಯ ಹಳ್ಳಿಯ ಅಡುಗೆಯಲ್ಲಿ ತಮಗೆ ಬೇಕಾದಷ್ಟಿದೆ. ಒಣಗಿದ ಬ್ರೆಡ್ಡು, ಬಿಳಿ ಬೀನ್ಸ್ ಕಾಳು, ಕಪ್ಪು ಎಲೆಕೋಸು ಹಾಕಿ ಬೇಯಿಸುವ ರಿಬೊಲ್ಲಿತಾ; ನೆನೆಸಿದ ಬ್ರೆಡ್ಡಿಗೆ ಟೊಮೆಟೊ, ಈರುಳ್ಳಿ, ತುಳಸಿಯ ಜಾತಿಯ ಎಲೆ ಬೆರೆಸಿದ ಪಂಜನೆಲ್ಲಾ; ಟೊಮೆಟೊ ಮತ್ತು ಬ್ರೆಡ್ಡಿನ ಗಟ್ಟಿ ಸಾರು. ರಿಬೊಲ್ಲಿತಾಗೆ ಮಾಂಸದ ಸಾರು ಹಾಕಿಲ್ಲವೇ ಎಂದು ಕೇಳಿ. ಬ್ರೆಡ್ಡಿಗೆ ಉಪ್ಪಿರುವುದಿಲ್ಲ, ಮರೆತು ಮಾಡಿದ್ದಲ್ಲ, ಅಲ್ಲಿಯ ಕ್ರಮವೇ ಹಾಗೆ. ದ್ರಾಕ್ಷಿ ಕೊಯ್ಲಿನ ವಾರಗಳಲ್ಲಿ ಮಾತ್ರ ಮಾಡುವ, ಕಪ್ಪು ದ್ರಾಕ್ಷಿ ತುಂಬಿ ಬೇಯಿಸಿದ ಸಿಹಿ ರೊಟ್ಟಿಯೊಂದು ಆಗ ಸಿಗುತ್ತದೆ. ಅದನ್ನು ಪ್ರಾಣಿಕೊಬ್ಬಿನಲ್ಲಲ್ಲ, ಎಣ್ಣೆಯಲ್ಲೇ ಮಾಡಿದ್ದೇ ಎಂದು ಕೇಳಿಕೊಂಡು ತಿನ್ನಿ. ಮೊಟ್ಟೆ, ಮಾಂಸದ ಸಾರು, ಪ್ರಾಣಿಜನ್ಯ ಹೆಪ್ಪು ಬೇಡವೆಂದು ಮಗ ಇಟಾಲಿಯನ್ ಭಾಷೆಯಲ್ಲೇ ಬರೆದು ಎರಡು ವಾರ ಮೊದಲೇ ಆಯೋಜಕರಿಗೆ ಕಳುಹಿಸಲಿ.

ನಡಿಗೆ ಸಮತಟ್ಟಲ್ಲ. ಹತ್ತು ಕಿಲೋಮೀಟರೂ ಏರಿಳಿತ, ಗಲೆಸ್ಟ್ರೊ ಕಲ್ಲು ಕಾಲಡಿಯಲ್ಲಿ ಜಾರುತ್ತದೆ; ಚಪ್ಪಲಿ ಬೇಡ, ಹಿಡಿತವಿರುವ ಶೂ ಬೇಕು, ಮಂಡಿನೋವಿದ್ದರೆ ಊರುಗೋಲು ಬೇಕು. ಸೆಪ್ಟೆಂಬರ್ ಮೂರನೆಯ ಭಾನುವಾರದಿಂದ ಅಲ್ಲಿ ಬೇಟೆಯ ಕಾಲ ಆರಂಭವಾಗುವುದರಿಂದ ಗುರುತು ಹಾಕಿದ ದಾರಿ ಬಿಟ್ಟು ಕಾಡಿನೊಳಗೆ ಹೋಗಬೇಡಿ. ಇನ್ನೊಂದು ಮಾತನ್ನು ಮಗನಿಗೆ ಹೇಳಿ: ಹಣ ಕಟ್ಟುವ ಮೊದಲು, ಎರಡು ವೈನರಿಗಳಲ್ಲಿ ಕನಿಷ್ಠ ಒಂದರಲ್ಲಾದರೂ ಬೆಳೆಗಾರರೇ ತೋಟದೊಳಗೆ ಕರೆದೊಯ್ದು ತೋರಿಸುತ್ತಾರೆಯೇ ಎಂದು ವಿಚಾರಿಸಲಿ. ಎರಡೂ ಕಡೆ ಪೀಪಾಯಿಗಳ ಕೋಣೆಯನ್ನಷ್ಟೇ ತೋರಿಸಿ ಬಾಟಲಿ ಮಾರುವ ಏರ್ಪಾಡಾಗಿದ್ದರೆ, ತಾವು ಹೇಳಿದ್ದೇ ಸರಿ, ಅಲ್ಲಿ ತಮಗೆ ಕೆಲಸವಿಲ್ಲ; ಬೇರೆಯದನ್ನು ಹುಡುಕಲಿ.

ತಮ್ಮ ಯಜಮಾನರು ಈ ವರ್ಷ ಎಷ್ಟು ಸಲ ಹೊಡೆದಿರಿ, ಹೆಕ್ಟೇರಿಗೆ ಎಷ್ಟು ತಾಮ್ರವಾಯಿತು, ಮಣ್ಣು ಪರೀಕ್ಷೆಯಲ್ಲಿ ಏನು ಬಂತು ಎಂಬ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಲಿ. ಸಿಕ್ಕ ಉತ್ತರಗಳನ್ನು ತಮ್ಮ ತೋಟದ ಲೆಕ್ಕದ ಜೊತೆಗೆ ನಮಗೆ ಕಳುಹಿಸಿದರೆ ಕೃಷಿ ಪುಟದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

— ಸಂಪಾದಕ